ಎಸ್ ಬೆಲೆ 2 ದಾಟುತ್ತಿಲ್ಲ. ಹಾಗಂತ ಎಂಟ್ಯಾಂಗಲ್‌ಮೆಂಟ್ ಇಲ್ಲ ಅಂತಾನಾ?

ಮಡಿಕೇರಿ ಫಿಸಿಕ್ಸ್ ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಈ ವರ್ಷ ಎಂಎಸ್ಸಿ ಮಕ್ಕಳಿಗೆ ಪ್ರಾಜೆಕ್ಟಾಗಿ ಫೋಟಾನ್ (ಬೆಳಕಿನ ಕಣ) ಜೋಡಿಗಳ ಪ್ರಯೋಗ ಕೊಟ್ಟಿದ್ದೇವೆ. ಜೋಡಿಯ ಎರಡು ಫೋಟಾನುಗಳು ಬೇರೆ ಬೇರೆಯಾಗಿ ವಿವರಿಸಲು ಆಗದಷ್ಟು ಹೆಣೆದುಕೊಂಡಿವೆಯಾ, ಅಂದರೆ ಎಂಟ್ಯಾಂಗಲ್‌ಮೆಂಟ್ ಇದೆಯಾ ಅಂತ ನೋಡುವುದು. ಪಾಪ, ತುಂಬಾ ಕಷ್ಟಪಟ್ಟು ಜೋಡಿಸಿದ್ದಾರೆ. ಈಗ ವರದಿ ಬರೆಯುವ ಹೊತ್ತಿಗೆ ಒಂದು ಕಡೆ ಸಿಕ್ಕಿಕೊಂಡಿದ್ದೇವೆ. ಗೊತ್ತಿರುವವರು ದಯವಿಟ್ಟು ಹೇಳಿ.

ಸೆಟಪ್ ಹೀಗಿದೆ. 405 ನ್ಯಾನೊಮೀಟರಿನ ನೇರಳೆ ಲೇಸರ್ ಡಯೋಡ್. ಅದರ ಮುಂದೆ ಒಂದಕ್ಕೊಂದು ಅಂಟಿಸಿದ ಎರಡು ತೆಳು ಬಿಬಿಒ ಕ್ರಿಸ್ಟಲ್ (ಒಂದು ನೇರಳೆ ಫೋಟಾನನ್ನು ಆಗೊಮ್ಮೆ ಈಗೊಮ್ಮೆ ಎರಡಾಗಿ ಒಡೆಯುವ ಬೇರಿಯಂ ಬೋರೇಟ್), ಒಂದರ ಅಕ್ಷಕ್ಕೆ ಇನ್ನೊಂದರದ್ದು 90 ಡಿಗ್ರಿ. ಲೇಸರಿನ ಪೋಲರೈಸೇಶನ್ (ಬೆಳಕಿನ ಕಂಪನದ ದಿಕ್ಕು) 45 ಡಿಗ್ರಿಗೆ ಇಟ್ಟಿದ್ದೇವೆ. ಹಾಗಾಗಿ ಒಂದು ಕ್ರಿಸ್ಟಲಿನಿಂದ ಎರಡೂ ಅಡ್ಡ ಇರುವ ಜೋಡಿ (ಎಚ್‌ಎಚ್), ಇನ್ನೊಂದರಿಂದ ಎರಡೂ ನೆಟ್ಟಗಿರುವ ಜೋಡಿ (ವಿವಿ) ಹೊರಡುತ್ತದೆ. ಎರಡೂ 810 ನ್ಯಾನೊಮೀಟರ್. ಪ್ರತಿ ದಾರಿಯಲ್ಲೂ ಒಂದು ಪೋಲರೈಸರ್ (ಒಂದು ದಿಕ್ಕಿನ ಕಂಪನವನ್ನಷ್ಟೇ ಬಿಡುವ ತಟ್ಟೆ), ಒಂದು ಫಿಲ್ಟರ್, ಆಮೇಲೆ ಫೈಬರ್, ಕೊನೆಗೆ ಒಂಟಿ ಫೋಟಾನ್ ಎಣಿಸುವ ಡಿಟೆಕ್ಟರ್. ಎರಡೂ ಡಿಟೆಕ್ಟರುಗಳು 25 ನ್ಯಾನೊಸೆಕೆಂಡಿನ ಒಳಗೆ ಒಟ್ಟಿಗೆ ಸದ್ದು ಮಾಡಿದರೆ ಕೌಂಟರ್ ಕಾರ್ಡ್ ಅದನ್ನು ಒಂದು ಕೋಇನ್ಸಿಡೆನ್ಸ್ ಅಂತ ಎಣಿಸುತ್ತದೆ.

ಪೋಲರೈಸರ್ ಇಟ್ಟಾಗ ಒಂದೊಂದು ಡಿಟೆಕ್ಟರಿನಲ್ಲೂ ಸೆಕೆಂಡಿಗೆ ಸುಮಾರು 22,000 ಎಣಿಕೆ. ಎರಡು ಕಡೆಯ ಪೋಲರೈಸರುಗಳ ಕೋನ (ಡಿಗ್ರಿ), ಅಲ್ಲಿ ಸಿಕ್ಕ ಕೋಇನ್ಸಿಡೆನ್ಸ್ ಹೀಗೆ ಬಂದಿವೆ. ಪ್ರತಿಯೊಂದನ್ನೂ 10 ಸೆಕೆಂಡ್ ಅಳೆದು ಸೆಕೆಂಡಿನ ಸರಾಸರಿ ಹಾಕಿದ್ದೇನೆ:

0 ಮತ್ತು 0: 412
90 ಮತ್ತು 90: 396
0 ಮತ್ತು 90: 27
90 ಮತ್ತು 0: 23

45 ಮತ್ತು 45: 291
−45 ಮತ್ತು −45: 283
45 ಮತ್ತು −45: 139
−45 ಮತ್ತು 45: 145

ಆಮೇಲೆ ಬೆಲ್ ಪರೀಕ್ಷೆ ಮಾಡಿದೆವು. ಫೋಟಾನುಗಳ ಉತ್ತರ ಹೊರಡುವಾಗಲೇ ತೀರ್ಮಾನವಾಗಿದ್ದರೆ, ಬೇರೆ ಬೇರೆ ಕೋನಗಳ ಹೊಂದಾಣಿಕೆಯಿಂದ ಲೆಕ್ಕ ಹಾಕುವ ಎಸ್ ಅನ್ನುವ ಸಂಖ್ಯೆ 2 ದಾಟದು ಅನ್ನುವ ಪರೀಕ್ಷೆ ಇದು. ಒಂದು ಕಡೆ 0 ಮತ್ತು 45, ಇನ್ನೊಂದು ಕಡೆ 22.5 ಮತ್ತು 67.5. ಪುಸ್ತಕದಲ್ಲಿರುವ ಹಾಗೆ 16 ಅಳತೆ. ಎಸ್ ಬೆಲೆ 1.73 ಬಂತು, ತಪ್ಪಿನ ಅಂದಾಜು 0.02. ಮತ್ತೆ ಅಳೆದರೂ ಅಲ್ಲೇ ಸುತ್ತುತ್ತದೆ. 2 ದಾಟುತ್ತಿಲ್ಲ.

ಮಕ್ಕಳು ವರದಿಯ ಕೊನೆಗೆ 'ಎಂಟ್ಯಾಂಗಲ್‌ಮೆಂಟ್ ಕಂಡುಬಂದಿಲ್ಲ' ಅಂತ ಬರೆದಿದ್ದಾರೆ. ನನಗೆ ಅದಕ್ಕೆ ಸಹಿ ಹಾಕಲು ಮನಸ್ಸು ಬರುತ್ತಿಲ್ಲ. 0/90ರ ಮೊದಲ ನಾಲ್ಕು ಅಳತೆಗಳಲ್ಲಿ ಎರಡು ಕಡೆಯ ಉತ್ತರ ಅಷ್ಟು ಚೆನ್ನಾಗಿ ಹೊಂದುತ್ತಿರುವಾಗ 'ಏನೂ ಇಲ್ಲ' ಅನ್ನುವುದು ಹೇಗೆ? ಹಾಗಂತ ಆಧಾರ ಇಲ್ಲದೆ 'ಇದೆ' ಅಂತ ಬರೆಸುವುದೂ ಸರಿಯಲ್ಲ. ಈ ಎಣಿಕೆಗಳಿಂದ ನ್ಯಾಯವಾಗಿ ಏನು ಹೇಳಬಹುದು?

---

ಅಮ್ಮತ್ತಿ ತೋಟ

ಮೇಡಂ, ನಮಸ್ಕಾರ. ಬೆಂಗಳೂರಿನ ಒಂದು ಆಪ್ಟಿಕ್ಸ್ ಲ್ಯಾಬಿನಲ್ಲಿ ಕೆಲವು ವರ್ಷ ಇದೇ ಕೆಲಸ ಮಾಡುತ್ತಿದ್ದೆ. ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕೊಡಗಿನಲ್ಲೇ ಯಾರೋ ಬಿಬಿಒ ಕ್ರಿಸ್ಟಲ್ ಮುಂದೆ ಕೂತು ಜೋಡಿ ಫೋಟಾನ್ ಎಣಿಸುತ್ತಿದ್ದಾರೆ ಅಂತ ಓದಿ ಎಷ್ಟು ಖುಷಿಯಾಯಿತು ಅಂದರೆ, ಕೆಲಸ ಬಿಟ್ಟು ಬರೆಯಲು ಕೂತೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ನೇರ ಉತ್ತರ: ಆ ವರದಿಗೆ ಸಹಿ ಹಾಕಬೇಡಿ. ನಿಮ್ಮ ಎಣಿಕೆಗಳಲ್ಲಿ ಎಂಟ್ಯಾಂಗಲ್‌ಮೆಂಟ್ ಇದೆ, ಚೆನ್ನಾಗಿಯೇ ಇದೆ. ಆದರೆ ನೀವು ಹೇಳಿದ ಕಾರಣಕ್ಕಲ್ಲ. 0 ಮತ್ತು 90ರಲ್ಲಿ ಎಷ್ಟೇ ಚೆನ್ನಾಗಿ ಹೊಂದಿದರೂ ಅದೊಂದರಿಂದಲೇ ಏನನ್ನೂ ಹೇಳಲು ಆಗುವುದಿಲ್ಲ.

ಯಾಕೆ ಅಂತ ನೋಡಿ. ಒಬ್ಬ ವ್ಯಾಪಾರಿ ಒಂದೇ ಲಾಟಿನಿಂದ ಕಾಫಿಯ ಎರಡು ಸ್ಯಾಂಪಲ್ ಪೊಟ್ಟಣ ಕಟ್ಟುತ್ತಾನೆ. ಒಂದು ಕುಶಾಲನಗರಕ್ಕೆ ಹೋಗುತ್ತದೆ, ಇನ್ನೊಂದು ಹಾಸನಕ್ಕೆ. ಕುಶಾಲನಗರದಲ್ಲಿ ಬಿಚ್ಚಿದಾಗ ರೊಬಸ್ಟಾ ಇದ್ದರೆ ಹಾಸನದಲ್ಲೂ ರೊಬಸ್ಟಾ. ಅರೇಬಿಕಾ ಇದ್ದರೆ ಅಲ್ಲೂ ಅರೇಬಿಕಾ. ನೂರಕ್ಕೆ ನೂರು ಹೊಂದುತ್ತದೆ, ಆದರೆ ಅದರಲ್ಲಿ ಕ್ವಾಂಟಮ್ ಏನೂ ಇಲ್ಲ. ಕಟ್ಟುವಾಗಲೇ ಎಲ್ಲ ತೀರ್ಮಾನವಾಗಿತ್ತು. ಹಾಗೆಯೇ ನಿಮ್ಮ ಎರಡು ಕ್ರಿಸ್ಟಲ್‌ಗಳು ಸುಮ್ನೆ ಒಮ್ಮೆ ಎಚ್‌ಎಚ್, ಒಮ್ಮೆ ವಿವಿ ಕಳಿಸುತ್ತಿದ್ದರೂ 0 ಮತ್ತು 90ರ ನಾಲ್ಕು ಸಂಖ್ಯೆಗಳು ಈಗ ಬಂದಂತೆಯೇ ಬರುತ್ತಿದ್ದವು.

ವ್ಯತ್ಯಾಸ ಗೊತ್ತಾಗುವುದು 45ರಲ್ಲಿ. ಎಚ್ ಅಂತ ಮೊದಲೇ ತೀರ್ಮಾನವಾದ ಫೋಟಾನ್ 45 ಡಿಗ್ರಿಯ ಪೋಲರೈಸರ್ ಮುಂದೆ ಬಂದರೆ ಹಾದುಹೋಗುವ ಸಂಭವ ಅರ್ಧಕ್ಕರ್ಧ. ಅದರ ಜೊತೆಗಾರನಿಗೂ ಅರ್ಧಕ್ಕರ್ಧ, ಆದರೆ ಒಂದಕ್ಕೊಂದು ಸಂಬಂಧ ಇಲ್ಲದೆ. ಹಾಗಾಗಿ ಬರೀ ಬೆರಕೆ ಆಗಿದ್ದರೆ ನಿಮ್ಮ ಕೊನೆಯ ನಾಲ್ಕೂ ಸಂಖ್ಯೆ ಒಂದೇ ಸಮ, ಸುಮಾರು 215 ಬರಬೇಕಿತ್ತು. ನಿಮಗೆ ಬಂದದ್ದು 291, 283 ಒಂದು ಕಡೆ, 139, 145 ಇನ್ನೊಂದು ಕಡೆ. ಎರಡು ಪಟ್ಟು ವ್ಯತ್ಯಾಸ. ಇದು ಎಚ್‌ಎಚ್ ಮತ್ತು ವಿವಿಗಳ ಬೆರಕೆಯಿಂದ ಬರಲು ಸಾಧ್ಯವೇ ಇಲ್ಲ.

ಹಾಗಾದರೆ ಬೇರೆ ಯಾವುದಾದರೂ ಬೆರಕೆಯಿಂದ ಬರಬಹುದಾ? ಮಕ್ಕಳು ಖಂಡಿತ ಕೇಳುತ್ತಾರೆ, ಕೇಳಬೇಕು ಕೂಡ. ಅದಕ್ಕೂ ಒಂದು ಗಟ್ಟಿಯಾದ ಮಿತಿ ಇದೆ. ಒಂದೊಂದು ಬೇಸಿಸ್ಸಿಗೂ (0/90 ಒಂದು, 45/−45 ಇನ್ನೊಂದು) ಹೊಂದಾಣಿಕೆಯ ಅಂಕ ಲೆಕ್ಕ ಹಾಕಿ: ಹೊಂದಿದವು ಕಳೆ ಹೊಂದದವು, ಭಾಗಿಸು ಒಟ್ಟು. 0 ಮತ್ತು 90ರಲ್ಲಿ 808 ಕಳೆ 50, ಭಾಗಿಸು 858. ಅಂದರೆ 0.88. 45ರಲ್ಲಿ 574 ಕಳೆ 284, ಭಾಗಿಸು 858. ಅಂದರೆ 0.34. ಎರಡನ್ನೂ ಕೂಡಿಸಿದರೆ 1.22. ಎಂಟ್ಯಾಂಗಲ್ ಆಗದ ಯಾವ ಜೋಡಿಗೂ, ಎಂಥ ಬೆರಕೆಗೂ ಈ ಮೊತ್ತ 1 ದಾಟುವಂತಿಲ್ಲ.

ಇದರ ಸಾಧನೆ ಬೋರ್ಡಿನ ಮೇಲೆ ಐದು ನಿಮಿಷದ್ದು. ಒಂದು ಫೋಟಾನಿಗೆ ಎರಡು ಸಂಖ್ಯೆ ಇಟ್ಟುಕೊಳ್ಳಿ. 0/90 ಪ್ರಶ್ನೆಗೆ ಅದರ ಸರಾಸರಿ ಉತ್ತರ, 45/−45 ಪ್ರಶ್ನೆಗೆ ಅದರ ಸರಾಸರಿ ಉತ್ತರ. ಈ ಎರಡರ ವರ್ಗಗಳ ಮೊತ್ತ 1ಕ್ಕಿಂತ ಜಾಸ್ತಿ ಆಗುವುದಿಲ್ಲ. ಅಂದರೆ ಅದು 1 ತ್ರಿಜ್ಯದ ವೃತ್ತದೊಳಗಿನ ಒಂದು ವೆಕ್ಟರ್. ಇನ್ನೊಂದು ಫೋಟಾನಿಗೂ ಅಂಥದ್ದೇ ಒಂದು ವೆಕ್ಟರ್. ಎರಡೂ ಬೇರೆ ಬೇರೆಯಾಗಿ ತಮ್ಮ ಪಾಡಿಗೆ ತಾವಿದ್ದರೆ, ನೀವು ಅಳೆದ ಮೊತ್ತ ಈ ಎರಡು ವೆಕ್ಟರ್‌ಗಳ ಡಾಟ್ ಪ್ರಾಡಕ್ಟ್ ಅಷ್ಟೇ. ಅದು 1 ದಾಟದು. ಬೆರಕೆ ಅಂದರೆ ಇಂಥವುಗಳ ಸರಾಸರಿ. 1 ದಾಟದವುಗಳ ಸರಾಸರಿಯೂ 1 ದಾಟದು. ಮುಗಿಯಿತು. ಇಂಥ ಅಳತೆಗೆ ಎಂಟ್ಯಾಂಗಲ್‌ಮೆಂಟಿನ 'ವಿಟ್ನೆಸ್' ಅಂತ ಹೆಸರು.

ನಿಮ್ಮ 1.22ರಲ್ಲಿ ಎಣಿಕೆಯ ಏರಿಳಿತದಿಂದ ಬರುವ ತಪ್ಪು ಸುಮಾರು 0.011. ಅಂದರೆ 1ರ ಗೆರೆಯನ್ನು ನೀವು ಆ ತಪ್ಪಿನ 19–20 ಪಟ್ಟು ದೂರಕ್ಕೆ ದಾಟಿದ್ದೀರಿ. ಇದು ಅನುಮಾನಕ್ಕೆ ಎಡೆ ಇರುವ ಫಲಿತಾಂಶ ಅಲ್ಲವೇ ಅಲ್ಲ.

ಈಗ ಎಸ್ ವಿಷಯ. ನೀವು ತೆಗೆದುಕೊಂಡ ಕೋನಗಳಲ್ಲಿ ಎಸ್ ಅಂದರೆ ಇದೇ ಮೊತ್ತದ 1.414 ಪಟ್ಟು. 1.22ಕ್ಕೆ ಲೆಕ್ಕ ಹಾಕಿ, 1.73 ಬರುತ್ತದೆ. ನೀವು ಅಳೆದದ್ದೂ 1.73! ಮಕ್ಕಳಿಗೆ ಇದನ್ನು ಮೊದಲು ತೋರಿಸಿ. ಬೇರೆ ಬೇರೆ ಕೋನಗಳಲ್ಲಿ ತೆಗೆದ ಎರಡು ಅಳತೆಗಳು ಇಷ್ಟು ಚೆನ್ನಾಗಿ ತಾಳೆಯಾದರೆ ಅವರ ಕೆಲಸ ಅಚ್ಚುಕಟ್ಟಾಗಿದೆ ಅಂತ ಅರ್ಥ. ಎಸ್ 2 ದಾಟಬೇಕಾದರೆ ಮೊತ್ತ 1.414 ದಾಟಬೇಕು. ಎಂಟ್ಯಾಂಗಲ್‌ಮೆಂಟ್ ಅನ್ನಲು 1 ದಾಟಿದರೆ ಸಾಕು. ನೀವು ಈ ಎರಡು ಗೆರೆಗಳ ನಡುವೆ ನಿಂತಿದ್ದೀರಿ. ಎಂಟ್ಯಾಂಗಲ್ ಆಗಿಯೂ ಬೆಲ್ ಮಿತಿಯನ್ನು ಮುರಿಯದ ಸ್ಥಿತಿಗಳು ಇವೆ ಅಂತ ಭೌತವಿಜ್ಞಾನಿ ವರ್ನರ್ 1989ರಲ್ಲೇ ತೋರಿಸಿದ್ದಾರೆ. ಬೆಲ್ ಮುರಿದರೆ ಎಂಟ್ಯಾಂಗಲ್‌ಮೆಂಟ್ ಇದೆ. ಮುರಿಯದಿದ್ದರೆ ಇಲ್ಲ ಅಂತ ಆಗುವುದಿಲ್ಲ. ಈ ಒಂದು ಮಾತು ನಮ್ಮ ಎಷ್ಟೋ ಪಠ್ಯಗಳಲ್ಲಿ ಸ್ಪಷ್ಟವಾಗಿ ಬರುವುದೇ ಇಲ್ಲ. ನನಗೆ ಅದರ ಬಗ್ಗೆ ಬೇಸರ ಇದೆ.

ಕೊನೆಯದಾಗಿ, 45ರಲ್ಲಿ ಯಾಕೆ ಬರೀ 0.34? ನನ್ನ ಅನುಮಾನ ಫೇಸ್ (ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಅನ್ನುವುದು) ಮೇಲೆ. ನಿಮ್ಮ ಜೋಡಿ ಬರೀ 'ಎಚ್‌ಎಚ್ ಕೂಡು ವಿವಿ' ಅಲ್ಲ, ವಿವಿಯ ಮುಂದೆ ಒಂದು ಫೇಸ್ ಇರುತ್ತದೆ. 45ರ ಅಂಕ ಆ ಫೇಸಿನ ಕೊಸೈನ್ ಮೇಲೆ ನಿಂತಿದೆ. ಫೇಸ್ ಸೊನ್ನೆಯಾಗಿದ್ದರೆ ಪೂರ್ತಿ, 90 ಡಿಗ್ರಿ ಆದರೆ ಸೊನ್ನೆ. 0/90ರ ಅಂಕಕ್ಕೆ ಅದು ತಟ್ಟುವುದೇ ಇಲ್ಲ. ಲೇಸರ್ ಮತ್ತು ಕ್ರಿಸ್ಟಲ್ ನಡುವೆ ಈ ಫೇಸ್ ಬದಲಿಸುವ ಕ್ವಾರ್ಟ್ಜ್ ಪ್ಲೇಟ್ ಇದೆಯಾ? ಇದ್ದರೆ ಪೋಲರೈಸರುಗಳನ್ನು 45 ಮತ್ತು −45ಕ್ಕೆ ಇಟ್ಟು, ಪ್ಲೇಟನ್ನು ನಿಧಾನಕ್ಕೆ ಓರೆ ಮಾಡುತ್ತಾ ಹೋಗಿ. ಕೋಇನ್ಸಿಡೆನ್ಸ್ ಎಲ್ಲಿ ತೀರಾ ಕಡಿಮೆಯಾಗುತ್ತದೋ ಅಲ್ಲಿ ನಿಲ್ಲಿಸಿ. 139 ಇದ್ದದ್ದು ಚೆನ್ನಾಗಿ ಕೆಳಗಿಳಿದರೆ ತೊಂದರೆ ಫೇಸ್‌ನದ್ದೇ. ಇಳಿಯದಿದ್ದರೆ ಬೇರೆ ಕಡೆ ಹುಡುಕಬೇಕು.

---

ಕುಶಾಲನಗರ ಎಲೆಕ್ಟ್ರಾನಿಕ್ಸ್

ಮೇಲಿನವರು ಫಿಸಿಕ್ಸ್ ಚೆನ್ನಾಗಿ ಹೇಳಿದ್ದಾರೆ. ನಾನು ಕೌಂಟರ್ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ಎರಡು ಡಿಟೆಕ್ಟರ್ ಸಂಬಂಧವೇ ಇಲ್ಲದೆ ಆಕಸ್ಮಿಕವಾಗಿ ಒಟ್ಟಿಗೆ ಸದ್ದು ಮಾಡುವುದೂ ನಿಮ್ಮ ಎಣಿಕೆಯಲ್ಲಿ ಸೇರಿದೆ. ಅದನ್ನು ಲೆಕ್ಕ ಹಾಕುವುದು ಸುಲಭ. ಒಂದರ ಎಣಿಕೆ ಗುಣಿಸು ಇನ್ನೊಂದರ ಎಣಿಕೆ ಗುಣಿಸು ವಿಂಡೋ. 22,000 ಗುಣಿಸು 22,000 ಗುಣಿಸು 25 ನ್ಯಾನೊಸೆಕೆಂಡ್. ಸೆಕೆಂಡಿಗೆ 12. ನಿಮ್ಮ 27 ಮತ್ತು 23ರಲ್ಲಿ ಸುಮಾರು ಅರ್ಧ ಇದೇ! ಅದನ್ನು ಕಳೆದರೆ 0/90ರ ಅಂಕ 0.88ರಿಂದ 0.94ಕ್ಕೆ ಏರುತ್ತದೆ, 45ರದ್ದು 0.36 ಆಗುತ್ತದೆ. ವಿಂಡೋವನ್ನು 8 ನ್ಯಾನೊಸೆಕೆಂಡಿಗೆ ಇಳಿಸಿದರೆ 12 ಇರುವುದು 4 ಆಗುತ್ತದೆ. ಆದರೆ ಡಿಟೆಕ್ಟರಿನ ಪಲ್ಸ್ ಬರುವ ಹೊತ್ತು ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಎರಡು ಕೇಬಲ್ ಒಂದೇ ಉದ್ದ ಇರಬೇಕು. ಇಲ್ಲದಿದ್ದರೆ ನಿಜವಾದ ಜೋಡಿಗಳೂ ವಿಂಡೋದಿಂದ ಜಾರಿಹೋಗುತ್ತವೆ.

ಸೂತ್ರವನ್ನು ನಂಬಿ ಕೂರಬೇಡಿ, ಅಳೆದೇ ನೋಡಿ. ಒಂದು ಡಿಟೆಕ್ಟರಿನ ದಾರಿಯಲ್ಲಿ 20 ಮೀಟರ್ ಕೋಆಕ್ಸಿಯಲ್ ಕೇಬಲ್ ಸೇರಿಸಿ. ಮೀಟರಿಗೆ 5 ನ್ಯಾನೊಸೆಕೆಂಡ್ ಲೆಕ್ಕದಲ್ಲಿ 100 ನ್ಯಾನೊಸೆಕೆಂಡ್ ತಡ ಆಗುತ್ತದೆ. ಆಗ ನಿಜವಾದ ಜೋಡಿ ಒಂದೂ ವಿಂಡೋದೊಳಗೆ ಬೀಳುವುದಿಲ್ಲ. ಉಳಿಯುವುದು ಬರೀ ಆಕಸ್ಮಿಕ. ವರದಿಯಲ್ಲಿ ಕಳೆಯುವ ಮೊದಲಿನ ಸಂಖ್ಯೆ, ಕಳೆದ ಮೇಲಿನ ಸಂಖ್ಯೆ, ಎರಡೂ ಹಾಕಿಸಿ. ಕಳೆದದ್ದನ್ನು ಮಾತ್ರ ಹಾಕಿದರೆ ಓದುವವರಿಗೆ ಅನುಮಾನ ಬರುತ್ತದೆ, ಅದು ಸರಿಯಾದ ಅನುಮಾನವೇ.

ಇನ್ನೊಂದು. 22,000ಕ್ಕೆ 400 ಚಿಲ್ಲರೆ ಕೋಇನ್ಸಿಡೆನ್ಸ್ ಅಂದರೆ ನೂರಕ್ಕೆ 2 ಮಾತ್ರ. ತುಂಬಾ ಕಡಿಮೆ ಆಯಿತು. ಒಂದೋ ಎರಡು ಫೈಬರುಗಳು ಒಂದೇ ಜೋಡಿಯ ಎರಡು ಕಡೆಗಳನ್ನು ನೋಡುತ್ತಿಲ್ಲ, ಇಲ್ಲವೋ ಹೊರಗಿನ ಬೆಳಕು ಒಳಗೆ ಬರುತ್ತಿದೆ. ಲೇಸರಿಗೆ ಅಡ್ಡ ಹಿಡಿದು ಎಣಿಕೆ ನೋಡಿ. ಆಗಲೂ ಸಾವಿರಗಟ್ಟಲೆ ಬರುತ್ತಿದ್ದರೆ ಅದು ಹೊರಗಿನ ಬೆಳಕು. ಕಂಪ್ಯೂಟರ್ ಪರದೆ, ಯುಪಿಎಸ್ ಮೇಲಿನ ಪುಟ್ಟ ದೀಪ, ಬಾಗಿಲ ಸಂದಿ, ಒಂದೊಂದನ್ನೂ ಮುಚ್ಚಿ.

ಮಡಿಕೇರಿಯವರಿಗೆ ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ: ಕತ್ತಲೆ ಕೋಣೆಗೆ ಹೋಗುವ ಮೊದಲು ಟ್ಯೂಬ್‌ಲೈಟಿನ ಸ್ವಿಚ್ ಆರಿಸಿದ್ದೀರಾ ಅಂತ ಖಾತ್ರಿ ಮಾಡಿಕೊಳ್ಳಿ. ಮಳೆಯಲ್ಲಿ ಕರೆಂಟ್ ಹೋಗಿರುತ್ತದೆ, ಸ್ವಿಚ್ ಆನ್ ಇರುವುದು ಗೊತ್ತಾಗುವುದಿಲ್ಲ, ಡಿಟೆಕ್ಟರ್ ಯುಪಿಎಸ್ ಮೇಲೆ ಓಡುತ್ತಿರುತ್ತದೆ. ಕರೆಂಟ್ ಬಂದ ಕೂಡಲೇ ಇಡೀ ಕೋಣೆಯ ಬೆಳಕು ಅದರ ಮೇಲೆ ಬೀಳುತ್ತದೆ. ಒಂಟಿ ಫೋಟಾನ್ ಎಣಿಸುವ ಡಿಟೆಕ್ಟರ್ ಇದನ್ನು ತಡೆದುಕೊಳ್ಳುತ್ತದೆ ಅಂತ ನಂಬಬೇಡಿ. ದುಬಾರಿ ಸಾಮಾನು.

---

ನಾಪೋಕ್ಲು ಹುಡುಗ

ಮೇಡಂ, ನಾನು ಬಿಎಸ್ಸಿ ಓದುತ್ತಿದ್ದೇನೆ. ತೋಟದ ಸರ್ ಹತ್ತಿರ ಒಂದು ಪ್ರಶ್ನೆ. ವಿಟ್ನೆಸ್‌ಗೆ 8 ಅಳತೆ ಸಾಕು, ಮಿತಿಯೂ ಸುಲಭ. ಹಾಗಿದ್ದರೆ ಎಲ್ಲರೂ ಯಾಕೆ ಕಷ್ಟಪಟ್ಟು ಬೆಲ್ ಪರೀಕ್ಷೆ ಮಾಡುತ್ತಾರೆ? ಅದಕ್ಕೆ ನೊಬೆಲ್ ಬೇರೆ ಕೊಟ್ಟಿದ್ದಾರೆ.

---

ಅಮ್ಮತ್ತಿ ತೋಟ

ತುಂಬಾ ಒಳ್ಳೆ ಪ್ರಶ್ನೆ ಕೇಳಿದೆಯಪ್ಪ. ಎರಡೂ ಬೇರೆ ಬೇರೆ ವಿಷಯ ಹೇಳುತ್ತವೆ.

ವಿಟ್ನೆಸ್ ಸಾಧನೆಯಲ್ಲಿ ನಾನು ಒಂದು ಮಾತನ್ನು ಸದ್ದಿಲ್ಲದೆ ಬಳಸಿದೆ: ಒಂದು ಫೋಟಾನಿನ ಎರಡು ಸಂಖ್ಯೆಗಳ ವರ್ಗಗಳ ಮೊತ್ತ 1 ಮೀರದು ಅಂತ. ಅದು ಕ್ವಾಂಟಮ್ ಸಿದ್ಧಾಂತದ ಮಾತು. ಜೊತೆಗೆ ಪೋಲರೈಸರ್ 45 ಅಂತ ತೋರಿಸಿದರೆ ಅದು ನಿಜವಾಗಿ 45ರಲ್ಲೇ ಇದೆ ಅಂತಲೂ ನಂಬಿದೆ. ಉಪಕರಣವನ್ನೂ ಸಿದ್ಧಾಂತವನ್ನೂ ನಂಬಿದರೆ ಮಾತ್ರ ವಿಟ್ನೆಸ್ ಮಾತಾಡುತ್ತದೆ. ಬೆಲ್ ಅಸಮಾನತೆಗೆ ಅದು ಯಾವುದೂ ಬೇಡ. ಪೆಟ್ಟಿಗೆಯೊಳಗೆ ಏನಿದೆ ಅಂತ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಎರಡು ಕಡೆಯ ಉತ್ತರಗಳು ಹೊರಡುವಾಗಲೇ ತೀರ್ಮಾನವಾಗಿದ್ದು, ಈ ಕಡೆಯ ಆಯ್ಕೆ ಆ ಕಡೆಗೆ ಗೊತ್ತಾಗದೆ ಇದ್ದರೆ ಎಸ್ 2 ದಾಟದು. ಅಷ್ಟೇ. 1935ರಲ್ಲಿ ಐನ್‌ಸ್ಟೈನ್, ಪೊಡೊಲ್ಸ್ಕಿ, ರೋಸೆನ್ ಎತ್ತಿದ ಪ್ರಶ್ನೆಯನ್ನು 1964ರಲ್ಲಿ ಜಾನ್ ಬೆಲ್ ಅಳೆದು ನೋಡಬಹುದಾದ ಪ್ರಶ್ನೆಯಾಗಿ ಮಾಡಿದರು. ನೀವೆಲ್ಲ ಅಳೆಯುವ ಎಸ್ ಬಂದದ್ದು 1969ರಲ್ಲಿ. ಕ್ಲಾಸರ್, ಹಾರ್ನ್, ಶಿಮೋನಿ, ಹೋಲ್ಟ್, ಈ ನಾಲ್ವರ ಕೆಲಸ.

1972ರಲ್ಲಿ ಫ್ರೀಡ್‌ಮನ್ ಮತ್ತು ಕ್ಲಾಸರ್ ಬರ್ಕ್ಲಿಯಲ್ಲಿ ಕ್ಯಾಲ್ಸಿಯಂ ಪರಮಾಣುಗಳಿಂದ ಹೊರಟ ಫೋಟಾನ್ ಜೋಡಿಗಳ ಮೇಲೆ ಮೊದಲ ಪರೀಕ್ಷೆ ಮಾಡಿದರು. ಒಂದು ಫೋಟಾನ್ ಹಸಿರು, 551 ನ್ಯಾನೊಮೀಟರ್. ಇನ್ನೊಂದು ನೇರಳೆ, 423. ಬಿಬಿಒ ಇಲ್ಲ, ಡಯೋಡ್ ಲೇಸರ್ ಇಲ್ಲ. ಆಸ್ಪೆ ತಂಡ 1982ರಲ್ಲಿ ಪ್ಯಾರಿಸ್ ಹತ್ತಿರದ ಆರ್ಸೆಯಲ್ಲಿ ಎಸ್ 2.697 ಅಳೆಯಿತು, ತಪ್ಪು 0.015 ಮಾತ್ರ. ಕ್ವಾಂಟಮ್ ಸಿದ್ಧಾಂತ ಕೊಡುವ ಗರಿಷ್ಠ 2.828. ಆ ಕಾಲದ ಉಪಕರಣದಲ್ಲಿ ಅಷ್ಟು ಹತ್ತಿರ ಹೋದದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. 2022ರ ನೊಬೆಲ್ ಕ್ಲಾಸರ್, ಆಸ್ಪೆ, ತ್ಸೈಲಿಂಗರ್ ಮೂವರಿಗೆ ಬಂತು.

ನಿನಗೆ ಇನ್ನೊಂದು ಹೇಳಬೇಕು. ಮೇಡಂ ಅವರ ಎಸ್ ಬೆಲೆ 2 ದಾಟಿದರೂ ಅದು ಪೂರ್ತಿ ಬಿಗಿಯಾದ ಬೆಲ್ ಪರೀಕ್ಷೆ ಆಗುವುದಿಲ್ಲ. ಅವರಿಗೆ ಸಿಗುತ್ತಿರುವುದು ನೂರಕ್ಕೆ 2 ಜೋಡಿ. ಸಿಕ್ಕವು ಸಿಗದವುಗಳ ಹಾಗೆಯೇ ಇವೆ ಅಂತ ನಂಬಬೇಕಾಗುತ್ತದೆ. ಆ ನಂಬಿಕೆ ಬೇಡ ಅಂದರೆ ನೂರಕ್ಕೆ 67ರಷ್ಟಾದರೂ ಹಿಡಿಯಬೇಕು ಅಂತ ಎಬರ್‌ಹಾರ್ಡ್ 1993ರಲ್ಲಿ ಲೆಕ್ಕ ಕೊಟ್ಟರು. ಈ ಕಿಂಡಿಯನ್ನೂ, ಎರಡು ಕಡೆಯವರು ಒಳಗೊಳಗೆ ಸುದ್ದಿ ಮುಟ್ಟಿಸಬಹುದು ಅನ್ನುವ ಕಿಂಡಿಯನ್ನೂ ಒಟ್ಟಿಗೆ ಮುಚ್ಚಿದ್ದು 2015ರಲ್ಲಿ. ಡೆಲ್ಫ್ಟ್‌ನವರು ವಜ್ರದೊಳಗಿನ ಎಲೆಕ್ಟ್ರಾನುಗಳನ್ನು 1.3 ಕಿಲೋಮೀಟರ್ ದೂರದಲ್ಲಿ ಇಟ್ಟು ಮಾಡಿದರು. ವಿಯೆನ್ನಾ ಮತ್ತು ಬೌಲ್ಡರ್ ತಂಡಗಳು ಫೋಟಾನ್ ಜೋಡಿಗಳಲ್ಲೇ ಮಾಡಿದವು, ಆದರೆ ಡಿಟೆಕ್ಟರುಗಳನ್ನು ತೀರಾ ತಣ್ಣಗೆ ಮಾಡಿ. ನಮ್ಮ ಸಿಲಿಕಾನ್ ಡಿಟೆಕ್ಟರಿನಲ್ಲಿ ಅದು ಆಗುವ ಕೆಲಸ ಅಲ್ಲ.

ಹಾಗಾಗಿ ಕಾಲೇಜು ಲ್ಯಾಬಿನಲ್ಲಿ ಕೇಳಬೇಕಾದ ಪ್ರಶ್ನೆ 'ನನ್ನ ಮೂಲದಿಂದ ಎಂಟ್ಯಾಂಗಲ್ ಆದ ಜೋಡಿ ಬರುತ್ತಿದೆಯಾ' ಅನ್ನುವುದು. ಅದಕ್ಕೆ ವಿಟ್ನೆಸ್ ಸರಿಯಾದ ಸಾಧನ. ಎಸ್ ಬೇಕು, ಮಾಡಲೇಬೇಕು. ಆದರೆ ಅದನ್ನೇ ಪಾಸು ಫೇಲಿನ ಗೆರೆ ಮಾಡಬಾರದು.

---

ಮಡಿಕೇರಿ ಫಿಸಿಕ್ಸ್ ಮೇಡಂ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಉತ್ತರಗಳನ್ನು ಮಕ್ಕಳ ಜೊತೆ ಕೂತು ಸಾಲು ಸಾಲಾಗಿ ಓದಿದೆವು. ಆ ವೆಕ್ಟರ್ ಸಾಧನೆಯನ್ನು ಒಬ್ಬ ಹುಡುಗಿ ತಾನೇ ಬೋರ್ಡಿನ ಮೇಲೆ ಮಾಡಿ ತೋರಿಸಿದಳು. 1.22ಕ್ಕೆ 1.414 ಗುಣಿಸಿ 1.73 ಬಂದಾಗ ಇಡೀ ಕೋಣೆ ಚಪ್ಪಾಳೆ ತಟ್ಟಿತು.

ಮೊದಲು ಕೇಬಲ್ ಪರೀಕ್ಷೆ. 20 ಮೀಟರ್ ಸೇರಿಸಿದಾಗ ಸೆಕೆಂಡಿಗೆ 12.6 ಬಂತು. ಲೆಕ್ಕ 12.1 ಹೇಳಿತ್ತು. ಸೂತ್ರ ಸರಿಯಾಗಿದೆ. ವಿಂಡೋ ಕಡಿಮೆ ಮಾಡಲು ಕೌಂಟರ್ ಕಾರ್ಡಿನ ಪ್ರೋಗ್ರಾಂ ಮುಟ್ಟಬೇಕು, ಅದು ಇನ್ನೂ ಆಗಿಲ್ಲ.

ಹೊರಗಿನ ಬೆಳಕು ನಿಜ. ಲೇಸರ್ ಮುಚ್ಚಿದರೂ ಎಣಿಕೆ ನಿಲ್ಲುತ್ತಿರಲಿಲ್ಲ. ಕಪ್ಪು ಬಟ್ಟೆ ಹೊದೆಸಿದರೂ ಒಂದು ಕಡೆ ಹಾಗೇ ಇತ್ತು. ಆಮೇಲೆ ನೋಡಿದರೆ ಫೈಬರ್ ಡಿಟೆಕ್ಟರಿಗೆ ಸೇರುವ ಜಾಗದಲ್ಲೇ ಬೆಳಕು ನುಸುಳುತ್ತಿತ್ತು. ಹಳದಿ ಫೈಬರಿನ ಹೊದಿಕೆಗೂ ಕಪ್ಪು ಟೇಪ್ ಸುತ್ತಿದ ಮೇಲೆ ಇಳಿಯಿತು. ಇದನ್ನು ಈಗ ಮಾಡಿದ್ದು. ಕೆಳಗಿನ ಅಳತೆ ಅದಕ್ಕೂ ಮೊದಲಿನದು, ಹಳೆಯದಕ್ಕೆ ಹೋಲಿಸಲು ಬೇಕಂತಲೇ ಏನೂ ಬದಲಿಸದೆ ತೆಗೆದದ್ದು.

ಈಗ ಮುಖ್ಯ ವಿಷಯ. ಕ್ವಾರ್ಟ್ಜ್ ಪ್ಲೇಟ್ ಇತ್ತು, ನೇರ ನಿಲ್ಲಿಸಿದ್ದೆವು. 45 ಮತ್ತು −45ಕ್ಕೆ ಪೋಲರೈಸರ್ ಇಟ್ಟು ಅದನ್ನು ಓರೆ ಮಾಡುತ್ತಾ ಹೋದೆವು. ಮೊದಲು 139ರಿಂದ ಮೇಲೆ ಹೋಯಿತು, 180, 230, 300. ಮಕ್ಕಳ ಮುಖ ಬಾಡಿತು. ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಇಳಿಯಲಿಲ್ಲ, ಅಲ್ಲೂ ಏರುತ್ತಿತ್ತು. ಪ್ಲೇಟ್ ನೇರ ಇದ್ದ ಜಾಗದಿಂದ ಯಾವ ಕಡೆ ಓರೆಯಾದರೂ ದಾರಿ ಉದ್ದವಾಗುವುದೇ ಅಲ್ವಾ, ಎರಡೂ ಕಡೆ ಒಂದೇ ಥರ ಇರುತ್ತದೆ ಅಂತ ಆಮೇಲೆ ಹೊಳೆಯಿತು. ಹಾಗೇ ಮುಂದೆ ಹೋದೆವು. 390 ದಾಟಿ ನಿಧಾನವಾಗಿ ಇಳಿಯತೊಡಗಿತು. 200, 110, 60. ಒಂದು ಕಡೆ 41ಕ್ಕೆ ನಿಂತಿತು, ಅಲ್ಲಿಂದ ಮುಂದೆ ಮತ್ತೆ ಏರುತ್ತದೆ. ಅಲ್ಲೇ ಸ್ಕ್ರೂ ಬಿಗಿ ಮಾಡಿದೆವು.

ಆಗ ಬಂದ ಸಂಖ್ಯೆಗಳು:

45 ಮತ್ತು 45: 398
−45 ಮತ್ತು −45: 387
45 ಮತ್ತು −45: 41
−45 ಮತ್ತು 45: 45

ಅಂಕ 0.80. ಆಕಸ್ಮಿಕ ಕಳೆದರೆ 0.85. 0/90ರದ್ದು ಬದಲಾಗಿಲ್ಲ, 0.88. ಮೊತ್ತ 1.68. ಎಸ್ ಮತ್ತೆ ಅಳೆದೆವು: 2.36, ತಪ್ಪು 0.02. ಏನನ್ನೂ ಕಳೆಯದೆ!

ಮಕ್ಕಳಿಗೆ ಹಳೆಯ 1.73ನ್ನು ವರದಿಯಿಂದ ತೆಗೆಯಬೇಡಿ ಅಂದಿದ್ದೇನೆ. ಎರಡೂ ಇರಲಿ. ಮೊದಲ ಅಳತೆಯಲ್ಲೂ ಎಂಟ್ಯಾಂಗಲ್‌ಮೆಂಟ್ ಇತ್ತು ಅನ್ನುವುದನ್ನು ವಿಟ್ನೆಸ್ ಲೆಕ್ಕದೊಂದಿಗೆ ಬರೆಯುತ್ತಾರೆ.

ಇನ್ನೊಂದು ನೋಡಿದ್ದು ಹೇಳಲೇಬೇಕು. ಒಂದು ಕಡೆಯ ಪೋಲರೈಸರನ್ನು ಮಾತ್ರ ತಿರುಗಿಸುತ್ತಾ ಆ ಕಡೆಯ ಡಿಟೆಕ್ಟರಿನ ಎಣಿಕೆ ನೋಡಿದೆವು. ಎಲ್ಲಿಗೆ ತಿರುಗಿಸಿದರೂ ಅದೇ 22,000ದ ಆಸುಪಾಸು. ಅದೇ ಹೊತ್ತಿಗೆ ಪಕ್ಕದ ಪರದೆಯಲ್ಲಿ ಕೋಇನ್ಸಿಡೆನ್ಸ್ 400ರಿಂದ 40ಕ್ಕೆ ಬೀಳುತ್ತದೆ. ಒಂಟಿ ಫೋಟಾನಿನಲ್ಲಿ ಯಾವ ದಿಕ್ಕೂ ಇಲ್ಲ, ಇರುವುದೆಲ್ಲ ಇಬ್ಬರ ನಡುವೆ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು.

ಉಳಿದ ಪ್ರಶ್ನೆ: 0.94 ಎಲ್ಲಿ, 0.85 ಎಲ್ಲಿ? ಈ ವ್ಯತ್ಯಾಸ ಯಾಕೆ ಹೋಗುತ್ತಿಲ್ಲ? ಮಳೆಗಾಲದಲ್ಲಿ ಕ್ರಿಸ್ಟಲ್ ಹೇಗೆ ಇಡಬೇಕು ಅಂತಲೂ ಹೇಳಿ.

---

ಅಮ್ಮತ್ತಿ ತೋಟ

2.36! ಮೇಡಂ, ಮಕ್ಕಳಿಗೆ ನನ್ನ ಕಡೆಯಿಂದ ಒಂದು ದೊಡ್ಡ ಶಭಾಷ್ ಹೇಳಿ. ನಿಮ್ಮ ಮೊತ್ತ 1.68ಕ್ಕೆ ಲೆಕ್ಕ ಹಾಕಿದರೆ 2.38 ಬರಬೇಕು, 2.36 ಬಂದಿದೆ. ಸರಿಯಾಗಿದೆ.

ಉಳಿದ ವ್ಯತ್ಯಾಸಕ್ಕೆ ಎರಡು ಕಡೆ ನೋಡಿ. ಮೊದಲನೆಯದು ಐರಿಸ್. ನಿಮ್ಮ ಫೈಬರ್ ಮುಂದಿನ ಕಿಂಡಿ ದೊಡ್ಡದಿದ್ದರೆ ಸ್ವಲ್ಪ ಸ್ವಲ್ಪ ಬೇರೆ ಕೋನದಲ್ಲಿ ಹೊರಟ ಜೋಡಿಗಳೆಲ್ಲ ಒಳಗೆ ಬರುತ್ತವೆ. ಒಂದೊಂದು ಕೋನಕ್ಕೂ ಫೇಸ್ ಸ್ವಲ್ಪ ಬೇರೆ. ಎಲ್ಲ ಸೇರಿ ಸರಾಸರಿಯಾದಾಗ 45ರ ಅಂಕ ಕುಗ್ಗುತ್ತದೆ. ಕಿಂಡಿ ಕಿರಿದು ಮಾಡಿ ನೋಡಿ. ಎಣಿಕೆ ಬೀಳುತ್ತದೆ, ಅಂಕ ಏರುತ್ತದೆ. ಏರಿದರೆ ಕಾರಣ ಅದೇ.

ಏರದಿದ್ದರೆ ಎರಡನೆಯದು, ನಿಮ್ಮ ಲೇಸರ್. ಅಗ್ಗದ 405 ಡಯೋಡ್ ಒಂದೇ ಬಣ್ಣದಲ್ಲಿ ಇರುವುದಿಲ್ಲ, ಕೊಹೆರೆನ್ಸ್ ಉದ್ದ (ಅಲೆ ಲಯ ತಪ್ಪದೆ ಸಾಗುವ ದೂರ) ಕಡಿಮೆ. ಮುಂದಿನ ಕ್ರಿಸ್ಟಲಿನ ಜೋಡಿಯೂ ಹಿಂದಿನದರ ಜೋಡಿಯೂ ಫೈಬರಿಗೆ ಬರುವ ಹೊತ್ತಿನಲ್ಲಿ ಒಂದು ಚೂರು ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸದಿಂದ ಇದು ಯಾವ ಕ್ರಿಸ್ಟಲಿನದ್ದು ಅಂತ ಅಲ್ಪಸ್ವಲ್ಪ ಗೊತ್ತಾಗುವಂತಾದರೂ ಸಾಕು, ಅಷ್ಟು ಎಂಟ್ಯಾಂಗಲ್‌ಮೆಂಟ್ ಸೋರಿಹೋಗುತ್ತದೆ. ಯಾರೂ ನೋಡಬೇಕಾಗಿಯೇ ಇಲ್ಲ, ಗೊತ್ತಾಗುವ ಹಾಗಿದ್ದರೆ ಮುಗಿಯಿತು. ಇದಕ್ಕೆ ಲೇಸರ್ ದಾರಿಯಲ್ಲಿ ಸರಿಯಾದ ದಪ್ಪದ ಬೈರಿಫ್ರಿಂಜೆಂಟ್ ಕ್ರಿಸ್ಟಲ್ (ಎರಡು ಪೋಲರೈಸೇಶನ್ನಿಗೆ ಬೇರೆ ಬೇರೆ ವೇಗ ಕೊಡುವಂಥದ್ದು) ಇಟ್ಟು ಆ ಹೊತ್ತಿನ ವ್ಯತ್ಯಾಸವನ್ನು ಮೊದಲೇ ಸರಿದೂಗಿಸುತ್ತಾರೆ. ನಿಮ್ಮ ತೆಳು ಪ್ಲೇಟ್ ಫೇಸ್ ಸರಿ ಮಾಡಲು ಸಾಕು, ಇದಕ್ಕೆ ಸಾಲದು.

ಬಿಬಿಒ ತೇವ ಹೀರುತ್ತದೆ. ಮೈ ಮಬ್ಬಾದರೆ ಮತ್ತೆ ಪಾಲಿಶ್ ಮಾಡಿಸುವುದೇ ದಾರಿ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ನಮ್ಮಲ್ಲಿ ಕ್ಯಾಮೆರಾ ಲೆನ್ಸಿಗೇ ಬೂಷ್ಟು ಬರುತ್ತದೆ, ಇದನ್ನು ಮೇಜಿನ ಮೇಲೆ ಬಿಡಲೇಬೇಡಿ. ಅಳತೆ ಮುಗಿದ ಕೂಡಲೇ ಹೋಲ್ಡರ್ ಸಮೇತ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ. ಕ್ರಿಸ್ಟಲಿನ ಮೈ ಒರೆಸಲು ನೀರು, ಉಸಿರು ಯಾವುದೂ ಬೇಡ. ಮಕ್ಕಳು ಕನ್ನಡಕದ ಅಭ್ಯಾಸದಲ್ಲಿ ಹಾ ಅಂತ ಊದಿಬಿಡುತ್ತಾರೆ, ಮೊದಲೇ ಹೇಳಿಡಿ. ವಾಪಸ್ ಇಟ್ಟಾಗ ಕೋನ ಒಂದಿಷ್ಟು ಸರಿದಿರುತ್ತದೆ, ಫೇಸ್ ಮತ್ತೆ ಹುಡುಕಬೇಕಾಗುತ್ತದೆ. ಈಗ ಹೇಗೂ ದಾರಿ ಗೊತ್ತಿದೆಯಲ್ಲ.

---

ಕುಶಾಲನಗರ ಎಲೆಕ್ಟ್ರಾನಿಕ್ಸ್

ಮೇಡಂ, ಕೌಂಟರ್ ಕಾರ್ಡಿನ ಪ್ರೋಗ್ರಾಂ ನಾನು ನೋಡಿಕೊಡುತ್ತೇನೆ. ಮಡಿಕೇರಿಗೆ ಸಾಮಾನು ತರಲು ಬರುವುದಿದೆ. ಕಾರ್ಡಿನ ಮಾಡೆಲ್ ಯಾವುದು ಅಂತ ಇಲ್ಲೇ ಹಾಕಿ. ಡಿಟೆಕ್ಟರ್ ಪಲ್ಸಿನ ಅಗಲ ಎಷ್ಟು ಅಂತ ಆಸಿಲೋಸ್ಕೋಪಿನಲ್ಲಿ ಒಮ್ಮೆ ನೋಡಿಟ್ಟರೆ ವಿಂಡೋ ಎಷ್ಟಕ್ಕೆ ಇಳಿಸಬಹುದು ಅಂತ ಬರುವ ಮೊದಲೇ ಲೆಕ್ಕ ಹಾಕಿಕೊಳ್ಳುತ್ತೇನೆ.